ಫ್ರೇಸರ್ ಸಿಂಡ್ರೋಮ್: ತಂಗಿಯ ಮಗು ಉಳಿಯಲಿಲ್ಲ, ಮುಂದಿನ ಮಗುವಿನ ಬಗ್ಗೆ ತಿಳಿದವರು ಹೇಳಿ

ಹಾವೇರಿ ಅಕ್ಕ:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಇತ್ತೀಚೆಗೆ ಮೊದಲ ಹೆರಿಗೆ ಆಯಿತು. ಹೆಣ್ಣು ಮಗು. ಎರಡೂ ಕಣ್ಣಿನ ಜಾಗದಲ್ಲಿ ಹಣೆಯಿಂದ ಕೆನ್ನೆಯವರೆಗೆ ಬರೀ ಚರ್ಮ ಇತ್ತು. ರೆಪ್ಪೆಯೇ ಇರಲಿಲ್ಲ. ಕೈಬೆರಳು, ಕಾಲ್ಬೆರಳು ಕೂಡಿಕೊಂಡಿದ್ದವು. ಮಗುವಿಗೆ ಉಸಿರಾಡಲು ತುಂಬಾ ಕಷ್ಟ ಆಗುತ್ತಿತ್ತು. ಹೊಟ್ಟೆ ಸ್ಕ್ಯಾನ್ ಮಾಡಿದಾಗ ಎರಡೂ ಕಿಡ್ನಿ ಕಾಣಲಿಲ್ಲ ಅಂದರು. ಅಂದು ರಾತ್ರಿಯೇ ಮಗು ಹೋಯಿತು.

ಬಸುರಿ ಇದ್ದಾಗ ಐದನೇ ತಿಂಗಳಲ್ಲೇ ಗರ್ಭದ ನೀರು ಕಡಿಮೆ ಇದೆ ಅಂದಿದ್ದರು. ಜಾಸ್ತಿ ನೀರು ಕುಡಿಯಿರಿ ಅಂತ ಹೇಳಿ ಕಳಿಸಿದರು. ಯಾಕೆ ಕಡಿಮೆ ಅಂತ ಯಾರೂ ಹೇಳಲಿಲ್ಲ.

ಮಗುವನ್ನು ನೋಡಿದ ಮಕ್ಕಳ ಡಾಕ್ಟರ್ 'ಫ್ರೇಸರ್ ಸಿಂಡ್ರೋಮ್ ಇರಬಹುದು' ಅಂತ ಬರೆದಿದ್ದಾರೆ. ಹೊಕ್ಕುಳಬಳ್ಳಿಯ ರಕ್ತ ತೆಗೆದು ಕ್ರೋಮೋಸೋಮ್ ಪರೀಕ್ಷೆಗೆ ಕಳಿಸಿದ್ದರು. ವರದಿ ನಾರ್ಮಲ್ ಬಂತು. ಹಾಗಾಗಿ ಇನ್ನೊಬ್ಬ ಡಾಕ್ಟರ್ 'ಇದು ಆಕಸ್ಮಿಕ, ಮುಂದಿನ ಮಗು ಚೆನ್ನಾಗಿರುತ್ತೆ, ಚಿಂತೆ ಬಿಡಿ' ಅಂದರು.

ತಂಗಿಯನ್ನು ಕೊಟ್ಟಿರುವುದು ನಮ್ಮ ಸೋದರತ್ತೆಯ ಮಗನಿಗೆ. ಏಳನೇ ತಿಂಗಳಲ್ಲಿ ಗ್ರಹಣದ ದಿನ ಅವಳು ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಿದ್ದಳು, ಅದಕ್ಕೇ ಮಗುವಿಗೆ ಹೀಗಾಯಿತು ಅಂತ ಮನೆಯಲ್ಲಿ ದಿನಾ ಮಾತು. ಅವಳು ಊಟ ಬಿಟ್ಟಿದ್ದಾಳೆ. ನನಗೆ ಎರಡು ವಿಷಯ ಗೊತ್ತಾಗಬೇಕು. ಇದು ಯಾಕಾಯಿತು? ಮುಂದಿನ ಮಗುವಿಗೂ ಆಗುತ್ತಾ?

ಜೆನೆಟಿಕ್ ಕೌನ್ಸೆಲರ್, ಬೆಂಗಳೂರು:

ಅಕ್ಕ, ನಿಮ್ಮ ತಂಗಿಗೆ ಮೊದಲು ಈ ಒಂದು ಮಾತು ಹೇಳಿಬಿಡಿ. ಅವರು ಮಾಡಿದ, ತಿಂದ, ಮುಟ್ಟಿದ ಯಾವುದರಿಂದಲೂ ಇದು ಆಗಿಲ್ಲ. ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ಈ ಕಾಯಿಲೆಯ ಕಾರಣ ಗೊತ್ತಿದೆ.

ಮುಚ್ಚಿದ ಕಣ್ಣು, ಕೂಡಿದ ಬೆರಳು, ಇಲ್ಲದ ಕಿಡ್ನಿ, ಉಸಿರಿನ ತೊಂದರೆ: ನೀವು ಬರೆದ ನಾಲ್ಕೂ ಫ್ರೇಸರ್ ಸಿಂಡ್ರೋಮಿಗೆ ಹೊಂದುತ್ತವೆ. 1962ರಲ್ಲಿ ಜಾರ್ಜ್ ಫ್ರೇಸರ್ ಅನ್ನುವ ತಳಿವಿಜ್ಞಾನಿ ಇದನ್ನು ವಿವರಿಸಿದರು, ಅವರ ಹೆಸರೇ ಉಳಿಯಿತು. ಬಹಳ ಅಪರೂಪದ ಕಾಯಿಲೆ. ಸುಮಾರು 2 ಲಕ್ಷ ಹೆರಿಗೆಗೆ ಒಂದು ಅನ್ನುವ ಅಂದಾಜಿದೆ. ಹೆಚ್ಚಿನ ಡಾಕ್ಟರುಗಳು ತಮ್ಮ ಇಡೀ ವೃತ್ತಿಯಲ್ಲಿ ಒಂದು ಮಗುವನ್ನೂ ನೋಡಿರುವುದಿಲ್ಲ. ನಿಮ್ಮ ಮಕ್ಕಳ ಡಾಕ್ಟರ್ ಆ ಹೆಸರು ಬರೆದಿಟ್ಟಿದ್ದು ದೊಡ್ಡ ಉಪಕಾರ.

ಈಗ ಆ ನಾರ್ಮಲ್ ವರದಿಯ ಮಾತು. ಕ್ರೋಮೋಸೋಮ್ ಪರೀಕ್ಷೆ ನೋಡುವುದು 46 ಕ್ರೋಮೋಸೋಮ್ ಸರಿಯಾಗಿವೆಯಾ, ದೊಡ್ಡ ತುಂಡು ಏನಾದರೂ ಹೋಗಿದೆಯಾ ಅಂತ. ಡೌನ್ ಸಿಂಡ್ರೋಮ್ ಅದರಲ್ಲಿ ಸಿಗುತ್ತದೆ. ಫ್ರೇಸರ್ ಸಿಗುವುದಿಲ್ಲ. ಯಾಕೆಂದರೆ ಇಲ್ಲಿ ತೊಂದರೆ ಇರುವುದು ಒಂದೇ ಒಂದು ಜೀನಿನ ಒಳಗೆ. ಅದು ಫ್ರಾಸ್1, ಫ್ರೆಮ್2, ಗ್ರಿಪ್1 ಈ ಮೂರರಲ್ಲಿ ಒಂದಾಗಿರುತ್ತದೆ. ಹೆಚ್ಚಾಗಿ ಫ್ರಾಸ್1. ಅದನ್ನು ಹಿಡಿಯಲು ಎಕ್ಸೋಮ್ ಪರೀಕ್ಷೆ, ಅಂದರೆ ಜೀನುಗಳ ಒಳಗಿನ ಮುಖ್ಯ ಭಾಗಗಳನ್ನು ಅಕ್ಷರ ಅಕ್ಷರವಾಗಿ ಓದುವ ಪರೀಕ್ಷೆ ಬೇಕು. ಹಾಗಾಗಿ ಆ ನಾರ್ಮಲ್ ವರದಿ ಸುಳ್ಳಲ್ಲ, ಆದರೆ ನಿಮ್ಮ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಎರಡನೇ ಪ್ರಶ್ನೆಗೆ ಉತ್ತರ ಸ್ವಲ್ಪ ಕಷ್ಟದ್ದು. ಪ್ರತಿ ಜೀನೂ ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತದೆ, ಅಮ್ಮನದೊಂದು, ಅಪ್ಪನದೊಂದು. ಒಂದು ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರಿಗೆ ಏನೂ ತೊಂದರೆ ಇರುವುದಿಲ್ಲ, ಅವರನ್ನು ಕ್ಯಾರಿಯರ್ ಅನ್ನುತ್ತೇವೆ. ಗಂಡ ಹೆಂಡತಿ ಇಬ್ಬರೂ ಒಂದೇ ಜೀನಿಗೆ ಕ್ಯಾರಿಯರ್ ಆಗಿದ್ದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಮಗು ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಸಲ ಆಯಿತು, ಇನ್ನು ಮೂರು ಸಲ ಆಗಲ್ಲ ಅಂತ ಅಲ್ಲ. ಪ್ರತಿ ಸಲವೂ ಲೆಕ್ಕ ಹೊಸದು. 'ಇದು ಆಕಸ್ಮಿಕ' ಅಂತ ಆ ಇನ್ನೊಬ್ಬ ಡಾಕ್ಟರ್ ಹೇಳಿದ್ದು ಫ್ರೇಸರ್ ವಿಷಯದಲ್ಲಿ ಸರಿಯಲ್ಲ, ಅಷ್ಟಕ್ಕೇ ಬಿಟ್ಟು ಮುಂದಿನ ಬಸಿರಿಗೆ ಹೋಗಬೇಡಿ.

ನಾಲ್ಕರಲ್ಲಿ ಮೂರು ಸಲ ಆ ಕಾಯಿಲೆ ಇಲ್ಲದ ಮಗು ಅನ್ನುವುದೂ ಅದೇ ಲೆಕ್ಕ. ತಂಗಿಗೆ ಇದನ್ನೂ ಹೇಳಿ.

ಶಿರಸಿ ಕಡೆಯವರು:

ಓದಿ ಬಹಳ ಬೇಜಾರಾಯಿತು ಅಕ್ಕ. ಒಂದು ಮಾತು ಕೇಳಬೇಕು ಅನಿಸಿತು, ತಪ್ಪು ತಿಳಿಯಬೇಡಿ. ನಮ್ಮ ಮನೆಯಲ್ಲೂ ಗ್ರಹಣದ ಹೊತ್ತಿಗೆ ಬಸುರಿಯರನ್ನು ಹೊರಗೆ ಬಿಡುವುದಿಲ್ಲ, ಚಾಕು ಮುಟ್ಟಿಸುವುದಿಲ್ಲ. ಅಜ್ಜಿ ಕಾಲದಿಂದ ಬಂದದ್ದು. ಅದನ್ನೆಲ್ಲ ಪೂರ್ತಿ ತಳ್ಳಿಹಾಕಿದರೆ ಹಿರಿಯರಿಗೆ ನೋವಾಗುತ್ತದೆ ಅಲ್ವಾ? ಇಷ್ಟು ಜನ ಸುಮ್ನೆ ಹೇಳುತ್ತಾರಾ?

ಲಂಡನ್‌ನಲ್ಲಿರುವ ಧಾರವಾಡದವನು:

ನಾನು ಇಲ್ಲಿ ಭ್ರೂಣದ ಬೆಳವಣಿಗೆಯ ಬಗ್ಗೆ ಓದುತ್ತಿದ್ದೇನೆ. ಶಿರಸಿಯವರಿಗೆ ಗೌರವದಿಂದಲೇ ಉತ್ತರ ಕೊಡುತ್ತೇನೆ.

ಅಕ್ಕ ಬರೆದಿದ್ದಾರೆ, ಗ್ರಹಣ ಆದದ್ದು ಏಳನೇ ತಿಂಗಳಲ್ಲಿ. ಮಗುವಿನ ಕಿಡ್ನಿ ಮೊಳೆಯಲು ಶುರುವಾಗುವುದು ಐದನೇ ವಾರದ ಸುಮಾರಿಗೆ. ಬೆರಳುಗಳು ಒಂದರಿಂದ ಒಂದು ಬಿಡಿಯಾಗುವುದು ಎಂಟನೇ ವಾರದ ಹೊತ್ತಿಗೆ. ಕಣ್ಣಿನ ರೆಪ್ಪೆಯ ಮಡಿಕೆ ಮೂಡುವುದೂ ಹೆಚ್ಚುಕಡಿಮೆ ಆಗಲೇ. ಅಂದರೆ ಮೂರನೇ ತಿಂಗಳು ಮುಗಿಯುವುದರೊಳಗೆ ಇದೆಲ್ಲ ತೀರ್ಮಾನ ಆಗಿಹೋಗಿರುತ್ತದೆ. ಏಳನೇ ತಿಂಗಳಲ್ಲಿ ಈಳಿಗೆಮಣೆ ಮುಟ್ಟಿದ್ದಕ್ಕೂ ಇದಕ್ಕೂ ಸಂಬಂಧ ಇರಲು ಸಾಧ್ಯವೇ ಇಲ್ಲ. ಐದನೇ ತಿಂಗಳಲ್ಲೇ ನೀರು ಕಡಿಮೆ ಇತ್ತಲ್ಲ, ಅದೇ ಸಾಕ್ಷಿ. ನಾಲ್ಕನೇ ತಿಂಗಳ ನಂತರ ಗರ್ಭದ ನೀರು ಬಹುಪಾಲು ಮಗುವಿನ ಮೂತ್ರದಿಂದಲೇ ಆಗುವುದು. ಕಿಡ್ನಿ ಇಲ್ಲದಿದ್ದರೆ ನೀರು ಎಲ್ಲಿಂದ ಬರಬೇಕು? ತಾಯಿ ಎಷ್ಟು ಕುಡಿದರೂ ಅದು ತುಂಬುವುದಿಲ್ಲ.

ಇನ್ನು ಕಣ್ಣು, ಬೆರಳು, ಕಿಡ್ನಿ, ಗಂಟಲು ಎಲ್ಲಕ್ಕೂ ಒಟ್ಟಿಗೆ ಯಾಕೆ ಆಗುತ್ತದೆ ಅನ್ನುವುದು ನನಗೆ ಬಹಳ ಮುಖ್ಯವಾದ ಪ್ರಶ್ನೆ. ನಮ್ಮ ಕಡೆ ಕೌದಿ ಹೊಲಿಯುತ್ತಾರಲ್ಲ, ಮೇಲಿನ ಬಟ್ಟೆ, ಕೆಳಗಿನ ಬಟ್ಟೆ ಎರಡನ್ನೂ ಹಿಡಿದಿಡುವುದು ಆ ದಾರದ ಹೊಲಿಗೆ. ಭ್ರೂಣದಲ್ಲಿ ಮೇಲ್ಚರ್ಮ ಮತ್ತು ಅದರ ಕೆಳಗಿನ ಪದರವನ್ನು ಹಾಗೆ ಹಿಡಿದಿಡುವುದು ಫ್ರಾಸ್1, ಫ್ರೆಮ್2 ಮಾಡುವ ಪ್ರೋಟೀನುಗಳು. ಗ್ರಿಪ್1 ಅವುಗಳನ್ನು ಜೀವಕೋಶದೊಳಗೆ ಸರಿಯಾದ ಜಾಗಕ್ಕೆ ತಲುಪಿಸುತ್ತದೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಪದರಗಳು ಬಿಟ್ಟುಕೊಂಡು ನಡುವೆ ಗುಳ್ಳೆ ಏಳುತ್ತದೆ. ಕಣ್ಣಿನ ಮೇಲೆ ಗುಳ್ಳೆ ಎದ್ದರೆ ರೆಪ್ಪೆ ರೂಪುಗೊಳ್ಳುವುದಿಲ್ಲ. ಬೆರಳ ತುದಿಯಲ್ಲಿ ಎದ್ದರೆ ಬೆರಳು ಕೂಡಿಯೇ ಉಳಿಯುತ್ತವೆ. ಕಿಡ್ನಿಯ ವಿಷಯ ಸ್ವಲ್ಪ ಬೇರೆ. ಅಲ್ಲಿ ಎರಡು ಬಗೆಯ ಕೋಶಗಳು ಪಕ್ಕಪಕ್ಕ ಬಂದು ಒಂದಕ್ಕೊಂದು ಸೂಚನೆ ಕೊಟ್ಟರೆ ಮಾತ್ರ ಕಿಡ್ನಿ ಬೆಳೆಯುತ್ತದೆ. ಈ ಪ್ರೋಟೀನ್ ಇಲ್ಲದಿದ್ದರೆ ಆ ಸೂಚನೆ ಸರಿಯಾಗಿ ತಲುಪುವುದಿಲ್ಲ.

ಹುಟ್ಟಿದ ಮೇಲೆ ಇಂಥ ಮಕ್ಕಳ ಚರ್ಮದಲ್ಲಿ ಗುಳ್ಳೆ ಏಳುವುದಿಲ್ಲ. ಅಷ್ಟರಲ್ಲಿ ಕೊಲಾಜೆನ್ 7 ಅನ್ನುವ ಇನ್ನೊಂದು ಪ್ರೋಟೀನ್ ಆ ಕೆಲಸ ವಹಿಸಿಕೊಂಡಿರುತ್ತದೆ. ತೊಂದರೆ ಆಗುವುದು ಆ ಮೊದಲ ಕೆಲವು ವಾರಗಳಲ್ಲಿ ಮಾತ್ರ. ಬಹಳ ಬಸುರಿಯರಿಗೆ ತಾವು ಬಸುರಿ ಅಂತ ಆಗಷ್ಟೇ ಗೊತ್ತಾಗಿರುತ್ತದೆ.

ಇದು ಗೊತ್ತಾದದ್ದು ಇಲಿಗಳಿಂದ. ಹುಟ್ಟುವ ಮೊದಲೇ ಮೈಮೇಲೆ ಗುಳ್ಳೆ ಏಳುವ ಇಲಿಯ ತಳಿಗಳಿದ್ದವು, ಅವುಗಳ ಮರಿಗಳಿಗೂ ಕಣ್ಣು, ಬೆರಳು, ಕಿಡ್ನಿಯ ತೊಂದರೆ ಇತ್ತು. 2003ರಲ್ಲಿ ಲಂಡನ್ನಿನ ಒಂದು ತಂಡ ಮತ್ತು ಗ್ರೀಸಿನ ಕ್ರೀಟ್‌ನ ಒಂದು ತಂಡ ಒಂದೇ ಸಮಯಕ್ಕೆ ಫ್ರಾಸ್1 ಬಗ್ಗೆ ಪ್ರಕಟಿಸಿದವು. 2005ರಲ್ಲಿ ಫ್ರೆಮ್2, 2012ರಲ್ಲಿ ಗ್ರಿಪ್1 ಗೊತ್ತಾಯಿತು.

ಆಶಾ ಕಾರ್ಯಕರ್ತೆ, ಕೊಪ್ಪಳ:

ಶಿರಸಿಯವರೇ, ಹಿರಿಯರಿಗೆ ನೋವು ಮಾಡುವುದು ಬೇಡ ಅನ್ನುವುದು ನನಗೂ ಒಪ್ಪಿಗೆ. ಗ್ರಹಣದ ಹೊತ್ತು ಒಳಗೆ ಕೂತರೆ ಯಾರಿಗೂ ನಷ್ಟ ಇಲ್ಲ. ಆದರೆ ಮಗು ಕಳೆದುಕೊಂಡ ಹೆಣ್ಣುಮಗಳ ಮೇಲೆ ಅದನ್ನು ಅಪವಾದವಾಗಿ ಹೊರಿಸುವುದಿದೆಯಲ್ಲ, ಅದನ್ನು ನಾನು ಮನೆಮನೆಯಲ್ಲಿ ನೋಡಿದ್ದೇನೆ. ತುಟಿ ಸೀಳಿದ್ದರೂ ಗ್ರಹಣ, ಬೆರಳು ಕೂಡಿದ್ದರೂ ಗ್ರಹಣ. ಗಂಡನ ಕಡೆಯಿಂದ ಏನು ಬಂತು ಅಂತ ಯಾರೂ ಕೇಳುವುದಿಲ್ಲ. ಈ ಕಾಯಿಲೆಯಲ್ಲಿ ಇಬ್ಬರಿಂದಲೂ ಸಮಸಮ ಬಂದಿರುತ್ತದೆ ಅಂತ ಮೇಡಂ ಬರೆದಿದ್ದಾರೆ. ಇದನ್ನು ಅತ್ತೆಯವರ ಮುಂದೆ ಡಾಕ್ಟರ ಬಾಯಿಂದಲೇ ಹೇಳಿಸಿ ಅಕ್ಕ. ನಾವು ಹೇಳಿದರೆ ಕೇಳದವರು ಬಿಳಿ ಕೋಟು ಹಾಕಿದವರು ಹೇಳಿದರೆ ಕೇಳುತ್ತಾರೆ. ತಂಗಿಯ ಎದೆಹಾಲು ಬತ್ತಿದೆಯಾ, ಜ್ವರ ಬಂದಿದೆಯಾ ಅದನ್ನೂ ಸ್ವಲ್ಪ ನೋಡಿ. ಮಗು ಹೋದ ಮನೆಯಲ್ಲಿ ಬಾಣಂತನ ಯಾರೂ ಮಾಡುವುದಿಲ್ಲ.

ಹಾವೇರಿ ಅಕ್ಕ:

ನಿಮ್ಮೆಲ್ಲರ ಮಾತನ್ನು ತಂಗಿಗೆ ಓದಿ ಹೇಳಿದೆ. ಬಹಳ ಹೊತ್ತು ಅತ್ತಳು, ಆಮೇಲೆ ಊಟ ಮಾಡಿದಳು. ಕೊಪ್ಪಳದ ತಂಗಿ, ಬಾಣಂತನದ ಮಾತು ನೀನು ಹೇಳಿದ್ದು ಸರಿ. ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದಿದ್ದೇನೆ.

ಮೇಡಂ, ಎಕ್ಸೋಮ್ ಪರೀಕ್ಷೆ ಅಂದಿರಿ. ಮಗುವೇ ಇಲ್ಲವಲ್ಲ, ಈಗ ಪರೀಕ್ಷೆ ಯಾರಿಗೆ ಮಾಡುವುದು?

ಜೆನೆಟಿಕ್ ಕೌನ್ಸೆಲರ್, ಬೆಂಗಳೂರು:

ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ಇಂಥ ದುಃಖದಲ್ಲಿ ಎಲ್ಲರೂ ಕೈಬಿಡುವ ವಿಷಯ ಇದೇ.

ಮೊದಲು ಕ್ರೋಮೋಸೋಮ್ ಪರೀಕ್ಷೆ ಮಾಡಿದ ಲ್ಯಾಬಿಗೆ ಇವತ್ತೇ ಫೋನ್ ಮಾಡಿ. ವರದಿಯ ಮೇಲೆ ಸ್ಯಾಂಪಲ್ ನಂಬರ್ ಇರುತ್ತದೆ. ಮಗುವಿನ ರಕ್ತ, ಬೆಳೆಸಿದ ಕೋಶ ಅಥವಾ ಡಿಎನ್‌ಎ ಏನಾದರೂ ಉಳಿದಿದೆಯಾ ಕೇಳಿ. ಲ್ಯಾಬುಗಳು ಸ್ವಲ್ಪ ಕಾಲ ಇಟ್ಟುಕೊಂಡಿರುತ್ತವೆ, ಆಮೇಲೆ ಎಸೆಯುತ್ತವೆ. ಇದ್ದರೆ ಡಿಎನ್‌ಎ ತೆಗೆದಿಡಿ, ಎಸೆಯಬೇಡಿ ಅಂತ ಬರಹದಲ್ಲಿ ಕೊಡಿ. ಮಗುವಿನ ಡಿಎನ್‌ಎ ಸಿಕ್ಕರೆ ಅದಕ್ಕೆ ಎಕ್ಸೋಮ್ ಮಾಡಿ, ಸಿಕ್ಕ ಬದಲಾವಣೆ ತಂದೆ ತಾಯಿಯಲ್ಲಿ ಇದೆಯಾ ನೋಡಿದರೆ ವಿಷಯ ಖಚಿತವಾಗುತ್ತದೆ.

ಸಿಗದಿದ್ದರೂ ದಾರಿ ಇದೆ. ಗಂಡ ಹೆಂಡತಿ ಇಬ್ಬರಿಗೂ ಎಕ್ಸೋಮ್ ಮಾಡಿ, ಆ ಮೂರು ಜೀನುಗಳಲ್ಲಿ ಒಂದೇ ಜೀನಿನ ಬದಲಾವಣೆ ಇಬ್ಬರಲ್ಲೂ ಇದೆಯಾ ನೋಡಬಹುದು. ಅವರು ಸಂಬಂಧಿಕರಾದ್ದರಿಂದ ಇಬ್ಬರಲ್ಲೂ ಒಂದೇ ಬದಲಾವಣೆ ಸಿಗುವ ಸಾಧ್ಯತೆ ಜಾಸ್ತಿ. ಮಗುವಿನ ಫೋಟೋ, ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್, ಕೇಸ್ ಶೀಟು ಎಲ್ಲದರ ಪ್ರತಿ ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು. ಫೋಟೋ ನೋಡಲು ಕಷ್ಟ ಆದರೆ ಲಕೋಟೆಯಲ್ಲಿ ಹಾಕಿ ಜೆನೆಟಿಕ್ಸ್ ಡಾಕ್ಟರಿಗೆ ಕೊಡಿ ಸಾಕು.

ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆ ಸೇರಿ ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರ ಅದು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲೂ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಇದೆ. ಹಾವೇರಿಯಿಂದ ನಿಮಗೆ ಯಾವುದು ಅನುಕೂಲವೋ ಅಲ್ಲಿಗೆ ಹೋಗಿ. ಆದರೆ ಇನ್ನೊಂದು ಬಸಿರು ನಿಲ್ಲುವ ಮೊದಲೇ ಹೋಗಿ.

ಮಂಡ್ಯದ ಅಣ್ಣ:

ಇಲ್ಲಿ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಮಗು ಕಳೆದುಕೊಂಡವರ ಮುಂದೆ ನಮ್ಮ ಮನೆಯ ವಿಷಯ ಹೇಳುವುದು ಸರಿಯಾ ಅಂತ. ಆದರೆ ಈ ಹೆಸರು ಹುಡುಕಿಕೊಂಡು ಬರುವವರಲ್ಲಿ ಮಗು ಬದುಕಿರುವವರೂ ಇರುತ್ತಾರೆ. ಅವರಿಗಾಗಿ ಬರೆಯುತ್ತೇನೆ.

ನನ್ನ ತಮ್ಮನಿಗೆ ಫ್ರೇಸರ್ ಸಿಂಡ್ರೋಮ್ ಇದೆ. ಈಗ ದೊಡ್ಡವನಾಗಿದ್ದಾನೆ, ಕೆಲಸದಲ್ಲಿದ್ದಾನೆ. ಎಡಗಣ್ಣು ಪೂರ್ತಿ ಮುಚ್ಚಿದೆ. ಬಲಗಣ್ಣಿನ ರೆಪ್ಪೆ ಅರ್ಧ ಅಂಟಿಕೊಂಡಿತ್ತು, ಅದರಲ್ಲಿ ಸ್ವಲ್ಪ ನೋಟ ಇದೆ. ಹಣೆಯ ಪಕ್ಕದಿಂದ ಹುಬ್ಬಿನವರೆಗೆ ಕೂದಲಿನ ಒಂದು ಪಟ್ಟಿ ಇಳಿದಿದೆ, ಇದೂ ಈ ಕಾಯಿಲೆಯ ಗುರುತು ಅಂತೆ. ಕಿಡ್ನಿ ಒಂದೇ. ಕಿವಿಯ ಹೊರಭಾಗ ಸಣ್ಣದು, ಕಿವಿಯ ನಾಳ ಕಿರಿದು. ಬುದ್ಧಿಗೆ ಏನೂ ಕಡಿಮೆ ಇಲ್ಲ. ಕಾಯಿಲೆ ಇರುವ ಕೆಲವರಿಗೆ ಕಲಿಕೆಯ ತೊಂದರೆ ಇರುತ್ತದೆ, ಅನೇಕರಿಗೆ ಇರುವುದಿಲ್ಲ. ಕಣ್ಣು ಮುಚ್ಚಿದೆ, ಕಿವಿ ಸರಿ ಕೇಳಲ್ಲ ಅಂದಾಕ್ಷಣ ಈ ಮಗುವಿಗೆ ಏನೂ ಬರಲ್ಲ ಅಂತ ತೀರ್ಮಾನ ಮಾಡುವವರೇ ಜಾಸ್ತಿ. ಅದೇ ನಮಗೆ ದೊಡ್ಡ ಕಷ್ಟ ಆಗಿದ್ದು.

ಚಿಕ್ಕ ಮಗು ಇರುವವರಿಗೆ ಕಿವಿಯ ವಿಷಯ ಮೊದಲು ಹೇಳುತ್ತೇನೆ. ಕಣ್ಣಿನ ಓಡಾಟದಲ್ಲಿ ಎಲ್ಲರೂ ಕಿವಿ ಮರೆಯುತ್ತಾರೆ. ನೋಟ ಇಲ್ಲದ ಮಗುವಿಗೆ ಜಗತ್ತು ತಲುಪುವುದು ಕಿವಿಯಿಂದಲೇ ಅಲ್ವಾ? ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ಅಲ್ಲಿ ಬೇರಾ ಪರೀಕ್ಷೆ (ಸದ್ದಿಗೆ ಕಿವಿಯ ನರ, ಮೆದುಳು ಸ್ಪಂದಿಸುತ್ತವೆಯಾ ಅಂತ ನೋಡುವುದು) ಮಾಡಿ, ಒಳಕಿವಿ ಸರಿ ಇದೆ, ಹೊರಗಿನ ದಾರಿ ಮಾತ್ರ ಮುಚ್ಚಿದೆ ಅಂದರು. ಮೂಳೆಯ ಮೂಲಕ ಸದ್ದು ಕಳಿಸುವ ಶ್ರವಣ ಸಾಧನವನ್ನು ತಲೆಪಟ್ಟಿಯಲ್ಲಿ ಕಟ್ಟಿದರು. ಅದಾದ ಮೇಲೆ ಅವನು ಮಾತು ಕಲಿತದ್ದು.

ಬೆರಳಿನ ಆಪರೇಷನ್ ಒಂದೇ ಸಲ ಎಲ್ಲ ಮಾಡುವುದಿಲ್ಲ. ಒಂದು ಬೆರಳಿನ ಎರಡೂ ಪಕ್ಕ ಒಟ್ಟಿಗೆ ಬಿಡಿಸಿದರೆ ಆ ಬೆರಳಿಗೆ ರಕ್ತ ಸಾಲದೇ ಹೋಗಬಹುದು. ಹಾಗಾಗಿ ಕಂತು ಕಂತಾಗಿ ಮಾಡುತ್ತಾರೆ, ತೊಡೆಸಂದಿಯಿಂದಲೋ ಬೇರೆ ಕಡೆಯಿಂದಲೋ ಚರ್ಮ ತಂದು ಹಾಕುತ್ತಾರೆ. ಬ್ರೈಲ್ ಓದಬೇಕಾದ ಮಗುವಿಗೆ ಬೆರಳ ತುದಿ ಎಷ್ಟು ಮುಖ್ಯ ಅಂತ ಸರ್ಜನ್‌ಗೆ ಮೊದಲೇ ಹೇಳಿ. ಎಲ್ಲರಿಗೂ ಅದು ತಾನಾಗಿ ಹೊಳೆಯುವುದಿಲ್ಲ.

ಯಾವ ಆಪರೇಷನ್ ಆದರೂ ಮೊದಲು ಅರಿವಳಿಕೆ ಡಾಕ್ಟರಿಗೆ 'ಫ್ರೇಸರ್ ಸಿಂಡ್ರೋಮ್, ಶ್ವಾಸನಾಳ ಕಿರಿದಾಗಿರಬಹುದು' ಅಂತ ಹೇಳಲೇಬೇಕು. ಅಷ್ಟು ದಿನ ಉಸಿರು ಸಲೀಸಾಗಿದ್ದರೂ ಆಪರೇಷನ್ ಟೇಬಲ್ ಮೇಲೆ ಉಸಿರಿನ ಟ್ಯೂಬ್ ಹೋಗದೇ ಇರಬಹುದು. ನಮ್ಮಲ್ಲಿ ಒಂದು ಸಲ ಹಾಗೆ ಆಗಿ ಎಲ್ಲರೂ ಗಾಬರಿಯಾದೆವು. ಆಮೇಲಿನಿಂದ ಫೈಲಿನ ಮೊದಲ ಪುಟದಲ್ಲಿ ಕೆಂಪು ಅಕ್ಷರದಲ್ಲಿ ಬರೆದಿಟ್ಟಿದ್ದೇವೆ.

ಒಂದೇ ಕಿಡ್ನಿ ಇರುವುದರಿಂದ ವರ್ಷಕ್ಕೊಮ್ಮೆ ಬಿಪಿ, ಮೂತ್ರದಲ್ಲಿ ಪ್ರೋಟೀನ್, ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿಸುತ್ತೇವೆ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುವುದು ನಮ್ಮ ಮನೆಯಲ್ಲಿ ಪೂರ್ತಿ ಬಂದ್.

ರಾಯಚೂರಿನ ತಾಯಿ:

ಅಣ್ಣಾ, ನಿಮ್ಮ ಬರಹ ಓದಿ ಕೈ ನಡುಗುತ್ತಿದೆ. ನನ್ನ ಮಗನಿಗೆ ಎಂಟು ತಿಂಗಳು. ಎರಡೂ ಕಣ್ಣು ಮುಚ್ಚಿವೆ. ಆಪರೇಷನ್ ಮಾಡಿ ಕಣ್ಣು ತೆರೆಸಿದರೆ ನೋಟ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಹೊಲ ಮಾರಲು ಯಜಮಾನರು ತಯಾರಾಗಿದ್ದಾರೆ. ದಯವಿಟ್ಟು ಯಾರಾದರೂ ನಿಜ ಹೇಳಿ.

ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡುವವರು, ಹುಬ್ಬಳ್ಳಿ:

ಅಮ್ಮಾ, ಹೊಲ ಈಗಲೇ ಮಾರಬೇಡಿ. ನಿಜವನ್ನೇ ಹೇಳುತ್ತೇನೆ.

ಈ ಸ್ಥಿತಿಗೆ ಕ್ರಿಪ್ಟಾಫ್ಥಾಲ್ಮಾಸ್ ಅನ್ನುತ್ತಾರೆ. ಪೂರ್ತಿ ಮುಚ್ಚಿದ ಕಣ್ಣಿನಲ್ಲಿ ಚರ್ಮ ಬಾಗಿಲಿನ ಹಾಗೆ ಮುಂದೆ ನಿಂತಿರುವುದಲ್ಲ. ಕಣ್ಣಿನ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರವೇ ಚರ್ಮದ ಜೊತೆ ಬೆಸೆದುಹೋಗಿರುತ್ತದೆ. ಒಳಗಿನ ಕಣ್ಣುಗುಡ್ಡೆ ಹೆಚ್ಚಾಗಿ ಸಣ್ಣದಿರುತ್ತದೆ, ಕೆಲವೊಮ್ಮೆ ಲೆನ್ಸ್ ಇರುವುದಿಲ್ಲ. ಚರ್ಮ ಕತ್ತರಿಸಿದರೆ ಕೆಳಗೆ ಆರೋಗ್ಯವಂತ ಕಣ್ಣು ಸಿಗುತ್ತದೆ ಅನ್ನುವುದು ತಪ್ಪು ಕಲ್ಪನೆ. ಪೂರ್ತಿ ಮುಚ್ಚಿದ ಕಣ್ಣಿಗೆ ಆಪರೇಷನ್ ಆದರೂ ಉಪಯೋಗಕ್ಕೆ ಬರುವ ನೋಟ ಸಿಗುವುದು ಬಹಳ ಅಪರೂಪ.

ಆದರೂ ಒಂದು ಸಲ ಸರಿಯಾಗಿ ತಪಾಸಣೆ ಆಗಲೇಬೇಕು. ಕಣ್ಣಿನ ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಮಾಡಿ ಒಳಗೆ ಏನಿದೆ ನೋಡುತ್ತಾರೆ. ಬೆಳಕಿಗೆ ಕಣ್ಣಿನ ನರ, ಮೆದುಳು ಸ್ಪಂದಿಸುತ್ತವೆಯಾ ಅಂತ ವಿಇಪಿ, ಇಆರ್‌ಜಿ ಪರೀಕ್ಷೆಗಳಿವೆ. ಜೋರು ಬೆಳಕು ಬಿಟ್ಟಾಗ ಮಗ ಮುಖ ಹಿಂಡುತ್ತಾನಾ? ಅದನ್ನು ಗಮನಿಸಿ ಡಾಕ್ಟರಿಗೆ ಹೇಳಿ. ಬೆಂಗಳೂರಿನಲ್ಲಿ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆ ಇದೆ. ಅಲ್ಲಿಂದ ಶುರು ಮಾಡಬಹುದು. ರಾಯಚೂರಿನಿಂದ ಹೈದರಾಬಾದ್ ಹತ್ತಿರ, ಅಲ್ಲಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಗೂ ಹೋಗಬಹುದು. ಅರ್ಧ ಮುಚ್ಚಿದ ಕಣ್ಣಿನ ಮಾತು ಬೇರೆ. ಅಲ್ಲಿ ಕಣ್ಣು ಒಣಗಿ ಇರುವ ನೋಟ ಹಾಳಾಗದಂತೆ ಕಾಪಾಡಲು ಬೇಗ ಆಪರೇಷನ್ ಬೇಕಾಗುತ್ತದೆ.

ಅದರ ಜೊತೆಗೆ ಕಿಡ್ನಿ ಸ್ಕ್ಯಾನ್ ಆಗಿದೆಯಾ? ಅಳುವ ದನಿ ಗೊಗ್ಗರಾಗಿದೆಯಾ, ಉಸಿರಿನಲ್ಲಿ ಸೀಟಿಯ ಸದ್ದು ಬರುತ್ತಾ? ಇವು ಕಣ್ಣಿಗಿಂತ ಮೊದಲು ನೋಡಬೇಕಾದವು. ಈ ಕಾಯಿಲೆಯಲ್ಲಿ ಮೊದಲ ವರ್ಷದಲ್ಲಿ ಜೀವಕ್ಕೆ ಅಪಾಯ ಬರುವುದು ಮುಖ್ಯವಾಗಿ ಕಿಡ್ನಿ ಮತ್ತು ಗಂಟಲಿನಿಂದ.

ಮಂಡ್ಯದ ಅಣ್ಣ:

ಅಮ್ಮಾ, ಧೈರ್ಯವಾಗಿರಿ. ಮಗನ ಜೊತೆ ಜಾಸ್ತಿ ಮಾತಾಡಿ, ಎತ್ತಿಕೊಳ್ಳುವ ಮೊದಲು ಮುಟ್ಟಿ ಹೇಳಿ, ವಸ್ತುಗಳನ್ನು ಕೈಗೆ ಕೊಡಿ. ಕಣ್ಣು ಕಿವಿ ಎರಡಕ್ಕೂ ತೊಂದರೆ ಇರುವ ಮಕ್ಕಳಿಗಾಗಿಯೇ ಕೆಲಸ ಮಾಡುವ ಸೆನ್ಸ್ ಇಂಡಿಯಾ ಅನ್ನುವ ಸಂಸ್ಥೆ ಅಹಮದಾಬಾದ್‌ನಲ್ಲಿದೆ, ಅವರು ಮಾರ್ಗದರ್ಶನ ಕೊಡುತ್ತಾರೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಈಗಲೇ ಅರ್ಜಿ ಹಾಕಿ. ಒಂದಕ್ಕಿಂತ ಹೆಚ್ಚು ವೈಕಲ್ಯ ಇದೆ ಅಂತ ಪ್ರಮಾಣಪತ್ರ ಸಿಕ್ಕರೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೂ ದಾರಿಯಾಗುತ್ತದೆ, ವರ್ಷಕ್ಕೆ 1 ಲಕ್ಷದವರೆಗೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಯಾವ ಆಪರೇಷನ್ ಬರುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ರಾಯಚೂರಿನ ತಾಯಿ:

ಕಿಡ್ನಿ ಸ್ಕ್ಯಾನ್ ಯಾರೂ ಮಾಡಿಸಲು ಹೇಳಿರಲಿಲ್ಲ. ನಾಳೆಯೇ ಹೋಗುತ್ತೇವೆ. ಬೆಳಕಿಗೆ ಮುಖ ಹಿಂಡುತ್ತಾನೆ ಸರ್, ಬಲಗಡೆ ಬೆಳಕು ಬಿಟ್ಟಾಗ.

ಸ್ಕ್ಯಾನ್ ಡಾಕ್ಟರ್, ಮಂಗಳೂರು:

ಹಾವೇರಿ ಅಕ್ಕನ ಮುಂದಿನ ಪ್ರಶ್ನೆ ಸ್ಕ್ಯಾನಿನಲ್ಲಿ ಗೊತ್ತಾಗುತ್ತಾ ಅಂತಲೇ ಇರುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

18ರಿಂದ 20 ವಾರದ ಸ್ಕ್ಯಾನಿನಲ್ಲಿ ಕಿಡ್ನಿ ಇಲ್ಲದಿರುವುದು, ನೀರು ಕಡಿಮೆ ಇರುವುದು ಕಾಣುತ್ತದೆ. ಧ್ವನಿಪೆಟ್ಟಿಗೆ ಪೂರ್ತಿ ಮುಚ್ಚಿದ್ದರೆ ಶ್ವಾಸಕೋಶದ ದ್ರವ ಹೊರಗೆ ಬರಲಾಗದೆ ಶ್ವಾಸಕೋಶ ಉಬ್ಬಿ ಬೆಳ್ಳಗೆ ಕಾಣುತ್ತದೆ. ಕೂಡಿದ ಬೆರಳು, ಮುಚ್ಚಿದ ಕಣ್ಣು ಕಂಡುಹಿಡಿಯುವುದು ಕಷ್ಟ, ಅದರಲ್ಲೂ ನೀರು ಇಲ್ಲದಿದ್ದರೆ ಚಿತ್ರವೇ ಸ್ಪಷ್ಟ ಇರುವುದಿಲ್ಲ. ಕಿಡ್ನಿ, ಗಂಟಲು ಚೆನ್ನಾಗಿದ್ದು ಕಣ್ಣು ಮಾತ್ರ ಮುಚ್ಚಿರುವ ಮಗು ಸ್ಕ್ಯಾನಿನಲ್ಲಿ ಪೂರ್ತಿ ನಾರ್ಮಲ್ ಅಂತ ಬರಬಹುದು. ಆದ್ದರಿಂದ ಸ್ಕ್ಯಾನ್ ಒಂದನ್ನೇ ನಂಬಬೇಡಿ. ತಾಯಿಯ ರಕ್ತದಿಂದ ಮಗುವಿನ ಕ್ರೋಮೋಸೋಮ್ ನೋಡುವ ಎನ್‌ಐಪಿಟಿ ಪರೀಕ್ಷೆಯಲ್ಲೂ ಇದು ಸಿಗುವುದಿಲ್ಲ.

ಮನೆಯ ಜೀನ್ ಬದಲಾವಣೆ ಗೊತ್ತಿದ್ದರೆ 11ರಿಂದ 13 ವಾರದಲ್ಲಿ ಮಾಸಿನ (ಪ್ಲಾಸೆಂಟಾ) ಸಣ್ಣ ಚೂರು ತೆಗೆದು ನೇರವಾಗಿ ನೋಡಬಹುದು. ತಡವಾದರೆ 16 ವಾರದ ನಂತರ ಗರ್ಭದ ನೀರು ತೆಗೆದು ನೋಡಬಹುದು. ಗೊತ್ತಿಲ್ಲದಿದ್ದರೆ ಎರಡೂ ಆಗುವುದಿಲ್ಲ. ಅದಕ್ಕೇ ಆ ಡಿಎನ್‌ಎ ಅಷ್ಟು ಮುಖ್ಯ.

ಕಾನೂನಿನ ಮಾತೂ ಗೊತ್ತಿರಲಿ. 2021ರ ತಿದ್ದುಪಡಿಯ ನಂತರ, ಮಗುವಿಗೆ ಗಂಭೀರ ನ್ಯೂನತೆ ಇದೆ ಅಂತ ವೈದ್ಯಕೀಯ ಮಂಡಳಿ ಹೇಳಿದರೆ 24 ವಾರ ದಾಟಿದ ಮೇಲೂ ಗರ್ಭ ತೆಗೆಸಲು ಅವಕಾಶ ಇದೆ. ತೆಗೆಸುವುದು ಬಿಡುವುದು ದಂಪತಿಯ ನಿರ್ಧಾರ. ಮುಂದುವರಿಸುತ್ತೇವೆ ಅಂದರೂ ಮೊದಲೇ ಗೊತ್ತಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ, ಗಂಟಲಿನ ಸರ್ಜನ್ ಪಕ್ಕದಲ್ಲಿರುವಾಗ ಹೆರಿಗೆ ಮಾಡಿಸಬಹುದು.

ಬಳ್ಳಾರಿಯ ಹಿರಿಯರು:

ಎಲ್ಲರೂ ಸಂಬಂಧದ ಮದುವೆಯನ್ನು ದೂರುವ ಹಾಗೆ ಕಾಣುತ್ತಿದೆ. ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಅಕ್ಕನ ಮಗಳು, ಸೋದರತ್ತೆ ಮಗಳು ಅಂತ ಒಳಗೊಳಗೇ ಮದುವೆ. ಯಾರಿಗೂ ಏನೂ ಆಗಿಲ್ಲ. ಹೊರಗೆ ಕೊಟ್ಟವರಿಗೂ ಇಂಥ ಮಕ್ಕಳಾಗಿವೆ.

ಜೆನೆಟಿಕ್ ಕೌನ್ಸೆಲರ್, ಬೆಂಗಳೂರು:

ಯಜಮಾನರೇ, ನೀವು ಹೇಳಿದ ಎರಡೂ ನಿಜ. ಯಾವುದೇ ದಂಪತಿಯ ನೂರು ಮಕ್ಕಳಲ್ಲಿ 2–3 ಮಕ್ಕಳಿಗೆ ಹುಟ್ಟಿನ ನ್ಯೂನತೆ ಇರುತ್ತದೆ. ಸೋದರತ್ತೆ, ಸೋದರಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿ. ಅಂದರೆ ಅಂಥ ಮದುವೆಗಳಲ್ಲೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಫ್ರೇಸರ್‌ನಂಥ ಅತಿ ಅಪರೂಪದ ಕಾಯಿಲೆಯ ಲೆಕ್ಕ ಬೇರೆ. ಕೆಟ್ಟ ಪ್ರತಿ ಬಹಳ ಕಡಿಮೆ ಜನರಲ್ಲಿ ಇರುವುದರಿಂದ ಹೊರಗಿನ ಇಬ್ಬರು ಕ್ಯಾರಿಯರ್ ಭೇಟಿಯಾಗುವುದೇ ಅಪರೂಪ. ಒಂದೇ ಅಜ್ಜ ಅಜ್ಜಿಯಿಂದ ಬಂದವರಾದರೆ ಆ ಭೇಟಿ ಸುಲಭ. ಪ್ರಕಟವಾದ ಫ್ರೇಸರ್ ಕುಟುಂಬಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಕಡೆ ತಂದೆ ತಾಯಿ ರಕ್ತಸಂಬಂಧಿಗಳು. ಅಕ್ಕನ ಮಗಳನ್ನು ಮದುವೆಯಾದರೆ ಇಬ್ಬರಲ್ಲೂ ಒಂದೇ ಇರುವ ಜೀನ್ ಪಾಲು ಇನ್ನೂ ದೊಡ್ಡದು.

ಆಗಿಹೋದ ಮದುವೆಯನ್ನು ದೂರಿ ಏನೂ ಪ್ರಯೋಜನ ಇಲ್ಲ. ಹಾವೇರಿಯ ಆ ಹುಡುಗ ಹುಡುಗಿ ಬೇರೆಯಾಗಬೇಕು ಅಂತ ಯಾರೂ ಹೇಳುತ್ತಿಲ್ಲ. ಹೇಳಲೂಬಾರದು.

ಹಾವೇರಿ ಅಕ್ಕ (ಕೆಲವು ತಿಂಗಳ ನಂತರ):

ನಮಸ್ಕಾರ. ಲ್ಯಾಬಿನಲ್ಲಿ ಮಗುವಿನ ಡಿಎನ್‌ಎ ಉಳಿದಿತ್ತು. ಮೇಡಂ ಹೇಳಿದ ದಿನವೇ ಫೋನ್ ಮಾಡಿದ್ದಕ್ಕೆ ಸಿಕ್ಕಿತು. ಎಕ್ಸೋಮ್ ವರದಿ ಬಂದಿದೆ. ಫ್ರಾಸ್1 ಜೀನಿನ ಎರಡೂ ಪ್ರತಿಯಲ್ಲಿ ಒಂದೇ ಬದಲಾವಣೆ. ತಂಗಿ, ಭಾವ ಇಬ್ಬರೂ ಕ್ಯಾರಿಯರ್. ಜೆನೆಟಿಕ್ಸ್ ಡಾಕ್ಟರ್ ನಮ್ಮ ಅತ್ತೆಯನ್ನೂ ಒಳಗೆ ಕರೆದು ಕೂರಿಸಿ ವಂಶವೃಕ್ಷ ಬರೆದು ತೋರಿಸಿದರು. ಇಬ್ಬರಿಗೂ ಬಂದಿರುವುದು ನಮ್ಮ ಅಜ್ಜ ಅಜ್ಜಿಯಲ್ಲಿ ಒಬ್ಬರಿಂದ ಇರಬೇಕು, ಅತ್ತೆ ಮತ್ತು ನಮ್ಮ ಅಪ್ಪ ಇಬ್ಬರ ಮೂಲಕ ಅಂದರು. ಅತ್ತೆ ಹೊರಗೆ ಬಂದ ಮೇಲೆ ತಂಗಿಯ ಕೈ ಹಿಡಿದುಕೊಂಡು ಕೂತರು. ಗ್ರಹಣದ ಮಾತು ಮನೆಯಲ್ಲಿ ನಿಂತಿದೆ.

ಮುಂದಿನ ಬಸಿರಿನಲ್ಲಿ 11ನೇ ವಾರಕ್ಕೆ ಪರೀಕ್ಷೆ ಮಾಡಿಸುತ್ತಾರೆ. ಐವಿಎಫ್ ಮಾಡಿ ಭ್ರೂಣವನ್ನು ಮೊದಲೇ ಪರೀಕ್ಷಿಸುವ ದಾರಿಯನ್ನೂ ಹೇಳಿದರು, ಖರ್ಚು ನಮ್ಮ ಕೈಗೆ ಎಟುಕುವುದಿಲ್ಲ.

ಈಗ ನನ್ನದೇ ಒಂದು ಪ್ರಶ್ನೆ. ನಮ್ಮ ತಮ್ಮನಿಗೆ ಇದೇ ಅತ್ತೆಯ ಕಿರಿ ಮಗಳನ್ನು ತಂದುಕೊಳ್ಳುವ ಮಾತು ನಡೆದಿದೆ. ನಾನು ಮದುವೆಯಾಗಿರುವುದು ಹೊರಗಿನವರನ್ನು, ನನಗೆ ಎರಡು ಮಕ್ಕಳು, ಚೆನ್ನಾಗಿದ್ದಾರೆ. ನಮ್ಮಲ್ಲಿ ಯಾರ್ಯಾರು ಪರೀಕ್ಷೆ ಮಾಡಿಸಬೇಕು?

ಜೆನೆಟಿಕ್ ಕೌನ್ಸೆಲರ್, ಬೆಂಗಳೂರು:

ಡಿಎನ್‌ಎ ಸಿಕ್ಕಿದ್ದು ಕೇಳಿ ತುಂಬಾ ಸಮಾಧಾನವಾಯಿತು.

ನಿಮ್ಮ ತಮ್ಮ ಕ್ಯಾರಿಯರ್ ಆಗಿರುವ ಸಾಧ್ಯತೆ ಎರಡರಲ್ಲಿ ಒಂದು. ಅತ್ತೆಯ ಮಗಳಿಗೂ ಅಷ್ಟೇ. ಬದಲಾವಣೆ ಗೊತ್ತಿರುವುದರಿಂದ ಅವರಿಗೆ ಇಡೀ ಎಕ್ಸೋಮ್ ಬೇಡ, ಆ ಒಂದೇ ಜಾಗ ನೋಡುವ ಸಣ್ಣ ರಕ್ತಪರೀಕ್ಷೆ ಸಾಕು, ಖರ್ಚೂ ಬಹಳ ಕಡಿಮೆ. ಮಾತುಕತೆ ಮುಂದುವರಿಯುವ ಮೊದಲೇ ಇಬ್ಬರೂ ಮಾಡಿಸಲಿ. ಒಬ್ಬರಲ್ಲಿ ಇಲ್ಲದಿದ್ದರೂ ಅವರ ಮಕ್ಕಳಿಗೆ ನಿಮ್ಮ ಮನೆಯ ಈ ಬದಲಾವಣೆಯಿಂದ ಫ್ರೇಸರ್ ಬರುವುದಿಲ್ಲ. ಇಬ್ಬರಲ್ಲೂ ಇದ್ದರೆ, ತಿಳಿದುಕೊಂಡು ನಿರ್ಧಾರ ಮಾಡಲಿ. ಒತ್ತಾಯ ಯಾರ ಕಡೆಯಿಂದಲೂ ಬೇಡ. ಹುಡುಗಿಯ ವರದಿಯನ್ನು ಹುಡುಗಿಗೇ ಮೊದಲು ಕೊಡಲಿ, ಊರಿಗೆಲ್ಲ ಹೇಳುವ ವಿಷಯ ಅಲ್ಲ ಅದು. ಕ್ಯಾರಿಯರ್ ಅಂದರೆ ರೋಗಿ ಅಲ್ಲ.

ನಿಮ್ಮ ಯಜಮಾನರು ಹೊರಗಿನವರು, ಹಾಗಾಗಿ ನಿಮ್ಮ ಮಕ್ಕಳ ಬಗ್ಗೆ ಗಾಬರಿ ಬೇಡ. ಅವರಿಗೆ ಈಗ ಪರೀಕ್ಷೆಯೂ ಬೇಡ. ದೊಡ್ಡವರಾದ ಮೇಲೆ, ಮದುವೆ ವಯಸ್ಸಿಗೆ, ಬೇಕು ಅನಿಸಿದರೆ ಅವರೇ ಮಾಡಿಸಿಕೊಳ್ಳಲಿ. ತಂಗಿಯ ಮಗುವಿನ ವರದಿಯ ಒಂದು ಪ್ರತಿಯನ್ನು ನಿಮ್ಮ ಮನೆಯಲ್ಲೂ, ಅತ್ತೆಯ ಮನೆಯಲ್ಲೂ ಇಡಿ. ಮುಂದೆ ಯಾವ ಲ್ಯಾಬಿಗೆ ಹೋದರೂ ಮೊದಲು ಕೇಳುವುದು ಅದನ್ನೇ.

ರಾಯಚೂರಿನ ತಾಯಿ:

ನಾನೂ ಒಂದು ಮಾತು ತಿಳಿಸಬೇಕಿತ್ತು. ಮಗನಿಗೆ ಎರಡೂ ಕಿಡ್ನಿ ಇವೆ, ಒಂದು ಸಣ್ಣದು. ಗಂಟಲಿನಲ್ಲಿ ಸ್ವಲ್ಪ ಕಿರಿದಾಗಿದೆ, ಸದ್ಯಕ್ಕೆ ಆಪರೇಷನ್ ಬೇಡ ಅಂದಿದ್ದಾರೆ. ಮಂಡ್ಯದ ಅಣ್ಣ ಹೇಳಿದ ಹಾಗೆ ಫೈಲಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದ್ದೇವೆ. ಬಲಗಣ್ಣಿಗೆ ಬೆಳಕು ಗೊತ್ತಾಗುತ್ತದೆ, ಎಡಗಣ್ಣಿಗೆ ಇಲ್ಲ. ಹೊಲ ಮಾರಿಲ್ಲ. ಮುಂದಿನ ವಾರ ಮೈಸೂರಿಗೆ ಕಿವಿ ಪರೀಕ್ಷೆಗೆ ಹೊರಟಿದ್ದೇವೆ. ಅಲ್ಲಿ ಉಳಿಯಲು ಕಡಿಮೆ ಖರ್ಚಿನ ಜಾಗ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ಮಂಡ್ಯದ ಅಣ್ಣ:

ನಮ್ಮ ಚಿಕ್ಕಮ್ಮನ ಮನೆ ಮೈಸೂರಿನಲ್ಲೇ ಇದೆ ಅಮ್ಮಾ. ಫೋನ್ ನಂಬರ್ ಬೇರೆಯಾಗಿ ಕಳಿಸುತ್ತೇನೆ, ನೇರವಾಗಿ ಅಲ್ಲಿಗೇ ಬನ್ನಿ.